ಕ ಖ ಗ ಘ ಙ ಮತ್ತು ಮೆಂಡಲೀವನ ಖಾಲಿ ಮನೆಗಳು

ಮಕ್ಕಳೇ, ಒಂದು ಹಾಳೆ ತೆಗೆದುಕೊಂಡು ವರ್ಗೀಯ ವ್ಯಂಜನಗಳನ್ನು ಬರೆಯಿರಿ. ಉದ್ದಕ್ಕೆ ಒಂದೇ ಸಾಲಿನಲ್ಲಿ ಬೇಡ; ಸಾಲಿಗೆ ಐದರಂತೆ ಐದು ಸಾಲು. ಕ ಖ ಗ ಘ ಙ, ಅದರ ಕೆಳಗೆ ಚ ಛ ಜ ಝ ಞ, ಹೀಗೆ ಪ ಫ ಬ ಭ ಮ ವರೆಗೆ. ಮರೆತಿದ್ದರೆ ಮನೆಯಲ್ಲಿರುವ ಅಜ್ಜಿಯನ್ನೋ ತಾತನನ್ನೋ ಕೇಳಿ. ಮರಳಿನ ಮೇಲೆ ಬೆರಳಿಟ್ಟು ತಿದ್ದಿದ ತಲೆಮಾರು ಅದು. ನಡುರಾತ್ರಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ.

ಈಗ ಗಟ್ಟಿಯಾಗಿ ಓದಿ. ಅಡ್ಡಸಾಲಿನಲ್ಲಿ ಓದಿದರೆ ಕ ಸಾಲಿನ ಐದೂ ಗಂಟಲಿನ ಕಡೆಯಿಂದ ಬರುತ್ತವೆ, ಪ ಸಾಲಿನ ಐದೂ ತುಟಿಯಿಂದ. ಮೇಲಿನಿಂದ ಕೆಳಕ್ಕೆ ಓದಿದರೆ ಬೇರೆಯೇ ಒಂದು ಸಂಬಂಧ ಕಾಣುತ್ತದೆ. ಖ ಛ ಠ ಥ ಫ ಎಲ್ಲವೂ ಮಹಾಪ್ರಾಣ. ಕೊನೆಯ ಕಂಬಸಾಲಿನ ಙ ಞ ಣ ನ ಮ ಎಲ್ಲವೂ ಮೂಗಿನವು. ಮೂಗು ಬಿಗಿಯಾಗಿ ಹಿಡಿದುಕೊಂಡು 'ಮ್' ಎನ್ನಲು ಪ್ರಯತ್ನಿಸಿ, ಗೊತ್ತಾಗುತ್ತದೆ.

ಇನ್ನೊಂದು ಕೆಲಸ. ಹಾಳೆಯಲ್ಲಿ 'ದ' ಅಕ್ಷರವನ್ನು ಅಳಿಸಿಬಿಡಿ. ಕನ್ನಡವನ್ನೇ ಕೇಳದ, ಆದರೆ ಜಾಣನಾದ ಒಬ್ಬನಿಗೆ ಹಾಳೆ ಕೊಟ್ಟು ಉಳಿದ ಅಕ್ಷರಗಳನ್ನು ಓದಿ ಹೇಳಿ. ಖಾಲಿ ಜಾಗದಲ್ಲಿ ಎಂಥ ಅಕ್ಷರ ಇರಬೇಕೆಂದು ಅವನು ಹೇಳಬಲ್ಲ. ತ ಥ ಧ ಇರುವ ಸಾಲಾದ್ದರಿಂದ ಅದು ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥದ್ದು. ಗ ಜ ಡ ಬ ಇರುವ ಕಂಬಸಾಲಾದ್ದರಿಂದ ಅವುಗಳ ಹಾಗೆ ಮೃದುವಾದದ್ದು, ಉಸಿರು ಹೆಚ್ಚು ಬೇಡದ್ದು. ಒಮ್ಮೆಯೂ ಕೇಳದ ಅಕ್ಷರದ ಸ್ವಭಾವ ಖಾಲಿ ಮನೆಯಿಂದಲೇ ತಿಳಿಯಿತು.

ರಸಾಯನಶಾಸ್ತ್ರದ ಆವರ್ತ ಕೋಷ್ಟಕ ಎಂದರೆ ಇಂಥದೇ ಒಂದು ಹಾಳೆ. ಅಲ್ಲಿ 25 ಅಕ್ಷರಗಳ ಬದಲು 118 ಧಾತುಗಳಿವೆ, ಅಷ್ಟೆ.

ನಾನು ಬಹಳ ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಆ ಕೋಷ್ಟಕದ ದೊಡ್ಡ ಪಟ ಗೋಡೆಯ ಮೇಲೆ ತೂಗುತ್ತಿತ್ತು, ಮಕ್ಕಳು ಅದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು: ಜಲಜನಕ, ಹೀಲಿಯಂ, ಲಿಥಿಯಂ, ಬೆರಿಲಿಯಂ... ಬಾಯಿಪಾಠ ಕೆಟ್ಟದ್ದು ಎಂದು ನಾನು ಹೇಳುವವನಲ್ಲ; ಮಗ್ಗಿ ಬಾರದವನ ಪಾಡು ಅಂಗಡಿಯಲ್ಲಿ ಗೊತ್ತಾಗುತ್ತದೆ. ಆದರೆ ಎಡದಿಂದ ಬಲಕ್ಕೆ ಮಾತ್ರ ಒಪ್ಪಿಸಿದರೆ ಮೇಲಿನಿಂದ ಕೆಳಕ್ಕೆ ಇರುವ ನೆಂಟಸ್ತಿಕೆ ಕಣ್ಣಿಗೆ ಬೀಳುವುದಿಲ್ಲ. ಕೋಷ್ಟಕದ ಜೀವ ಇರುವುದು ಆ ಕಂಬಸಾಲುಗಳಲ್ಲಿ.

ಅಜ್ಜಿಯ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಒಳಗೆ ತಾಮ್ರದ ತಂಬಿಗೆ, ಬೆಳ್ಳಿಯ ಕುಂಕುಮ ಭರಣಿ, ಚಿನ್ನದ ಬಳೆ. ಕೋಷ್ಟಕದ 11ನೆಯ ಕಂಬಸಾಲು ನೋಡಿ: ತಾಮ್ರ, ಅದರ ಕೆಳಗೆ ಬೆಳ್ಳಿ, ಅದರ ಕೆಳಗೆ ಚಿನ್ನ. ಮೂರೂ ಹೊಳೆಯುತ್ತವೆ, ಬಡಿದರೆ ತಗಡಾಗುತ್ತವೆ, ಎಳೆದರೆ ತಂತಿಯಾಗುತ್ತವೆ, ವಿದ್ಯುತ್ತನ್ನು ಸಲೀಸಾಗಿ ಹರಿಸುತ್ತವೆ, ಬೇಗ ತುಕ್ಕು ಹಿಡಿದು ಹಾಳಾಗುವುದಿಲ್ಲ. ಲೋಕದ ಎಷ್ಟೋ ರಾಜರು ನಾಣ್ಯಕ್ಕೆ ಈ ಮೂರನ್ನೇ ಆರಿಸಿಕೊಂಡರು. ಅವರಿಗೆ ಕೋಷ್ಟಕ ಗೊತ್ತಿರಲಿಲ್ಲ. ಲೋಹಗಳ ಗುಣ ಗೊತ್ತಿತ್ತು.

ಬಚ್ಚಲಿಗೆ ಬನ್ನಿ. ಟೂತ್‌ಪೇಸ್ಟಿನಲ್ಲಿ ಫ್ಲೋರಿನ್ ಸೇರಿದ ಲವಣ, ನಲ್ಲಿ ನೀರಿನಲ್ಲಿ ಕ್ಲೋರಿನ್, ಗಾಯಕ್ಕೆ ಹಚ್ಚುವ ಕಂದು ಔಷಧದಲ್ಲಿ ಅಯೋಡಿನ್. ಮೂರೂ 17ನೆಯ ಕಂಬಸಾಲಿನ ಅಣ್ಣತಮ್ಮಂದಿರು. ಕ್ರಿಮಿಗಳನ್ನು ಕೊಲ್ಲಲು ನಾವು ಕ್ಲೋರಿನ್ ಮತ್ತು ಅಯೋಡಿನ್ ಎರಡನ್ನೂ ನೆಚ್ಚಿಕೊಂಡಿರುವುದಕ್ಕೆ ಈ ರಕ್ತಸಂಬಂಧವೇ ಕಾರಣ.

ಇದೆಲ್ಲ ಒಬ್ಬರಿಗೆ ಒಂದೇ ದಿನದಲ್ಲಿ ಹೊಳೆದದ್ದಲ್ಲ. 1829ರಲ್ಲಿ ಜರ್ಮನಿಯ ಡೋಬರೈನರ್ ಎಂಬಾತ ಒಂದು ವಿಚಿತ್ರ ಗಮನಿಸಿದ. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಮೂರರ ಸ್ವಭಾವ ಒಂದೇ ಥರ. ಅವುಗಳ ಪರಮಾಣು ತೂಕ ಈಗಿನ ಲೆಕ್ಕದಲ್ಲಿ ಸುಮಾರು 7, 23, 39. ಮೊದಲನೆಯದನ್ನೂ ಕೊನೆಯದನ್ನೂ ಕೂಡಿಸಿ ಅರ್ಧ ಮಾಡಿ: 46ರಲ್ಲಿ ಅರ್ಧ 23! ನಡುವಿನದು ಸರಿಯಾಗಿ ನಡುವೆ ಕೂತಿದೆ. ಇಂಥ ಕೆಲವು ತ್ರಿವಳಿಗಳನ್ನು ಆತ ಕಂಡುಹಿಡಿದ. ಆದರೆ ಎಲ್ಲ ಧಾತುಗಳನ್ನೂ ಹೀಗೆ ಮೂರು ಮೂರಾಗಿ ಕಟ್ಟಲು ಆಗಲಿಲ್ಲ.

1865ರಲ್ಲಿ ಲಂಡನ್ನಿನ ಜಾನ್ ನ್ಯೂಲ್ಯಾಂಡ್ಸ್ ಧಾತುಗಳನ್ನು ತೂಕದ ಪ್ರಕಾರ ಸಾಲಾಗಿ ಜೋಡಿಸಿ ಎಣಿಸಿದ. ಒಂದರಿಂದ ಶುರುಮಾಡಿ ಎಂಟನೆಯದಕ್ಕೆ ಬಂದರೆ ಅದೇ ಸ್ವಭಾವ ಮರಳಿ ಬರುತ್ತಿತ್ತು. ಸಂಗೀತ ಕಲಿಯುವ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸ ರಿ ಗ ಮ ಪ ದ ನಿ ಆದ ಮೇಲೆ ಎಂಟನೆಯದು ಮತ್ತೆ ಸ, ಮೇಲಿನ ಸ್ಥಾಯಿಯಲ್ಲಿ. ನ್ಯೂಲ್ಯಾಂಡ್ಸ್ ಕೂಡ ಸಂಗೀತದ ಹೆಸರನ್ನೇ ಇಟ್ಟು 'ಅಷ್ಟಕ ನಿಯಮ' ಎಂದ. 1866ರಲ್ಲಿ ಅದನ್ನು ವಿದ್ವಾಂಸರ ಸಭೆಯ ಮುಂದಿಟ್ಟಾಗ ಅಲ್ಲಿದ್ದ ಒಬ್ಬರು, ಧಾತುಗಳನ್ನು ಅಕಾರಾದಿಯಾಗಿ ಜೋಡಿಸಿ ನೋಡಿದ್ದೀರಾ ಎಂದು ಕೊಂಕು ನುಡಿದರು. ಪಾಪ, ಆತನ ಪಟ್ಟಿಯಲ್ಲಿ ದೋಷವೂ ಇತ್ತು. ಖಾಲಿ ಜಾಗ ಬಿಡದೆ ಒತ್ತೊತ್ತಾಗಿ ತುಂಬಿದ್ದರಿಂದ ಕಬ್ಬಿಣ ಹೋಗಿ ಆಮ್ಲಜನಕ ಮತ್ತು ಗಂಧಕದ ಜೊತೆ ಕೂತಿತ್ತು. ಆದರೂ ಆ ಕೊಂಕು ಬೇಕಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ಮೆಂಡಲೀವ್. ಈತನ ಕತೆಯನ್ನು ಈತನ ತಾಯಿಯಿಂದ ಶುರುಮಾಡಬೇಕು.

ದಿಮಿತ್ರಿ ಮೆಂಡಲೀವ್ ಹುಟ್ಟಿದ್ದು 1834ರಲ್ಲಿ, ಸೈಬೀರಿಯಾದ ತೊಬೋಲ್ಸ್ಕ್ ಊರಿನಲ್ಲಿ, ದೊಡ್ಡ ಸಂಸಾರದ ಕೊನೆಯ ಕೂಸಾಗಿ. ತಂದೆ ಉಪಾಧ್ಯಾಯ, ಕಣ್ಣು ಹೋಗಿ ಕೆಲಸ ಬಿಡಬೇಕಾಯಿತು. ತಾಯಿ ಮರಿಯಾ ಗಾಜಿನ ಕಾರ್ಖಾನೆ ನಡೆಸಿ ಮನೆ ಸಾಗಿಸಿದಳು. 1847ರಲ್ಲಿ ತಂದೆ ತೀರಿಕೊಂಡ. ಮರುವರ್ಷ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಬೇರೆಯವರಾಗಿದ್ದರೆ ಹುಡುಗನನ್ನು ಎಲ್ಲಾದರೂ ಗುಮಾಸ್ತೆ ಕೆಲಸಕ್ಕೆ ಹಾಕುತ್ತಿದ್ದರು. ಆಕೆ ಅವನನ್ನು ಕರೆದುಕೊಂಡು 2,000 ಕಿಲೋಮೀಟರಿಗೂ ಹೆಚ್ಚು ದೂರದ ಮಾಸ್ಕೋಗೆ ಹೊರಟಳು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಗಲಿಲ್ಲ. ಎದೆಗುಂದದೆ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದಳು. ಅಲ್ಲಿ, ಗಂಡ ಓದಿದ್ದ ಶಿಕ್ಷಕರ ತರಬೇತಿ ಸಂಸ್ಥೆಯಲ್ಲೇ, 1850ರಲ್ಲಿ ಮಗನಿಗೆ ಜಾಗ ಸಿಕ್ಕಿತು. ಅದೇ ವರ್ಷ ಆಕೆ ತೀರಿಕೊಂಡಳು. ಮಗ ದೊಡ್ಡ ವಿಜ್ಞಾನಿಯಾದದ್ದನ್ನು ನೋಡಲು ಆಕೆ ಉಳಿಯಲಿಲ್ಲ. ಮುಂದೆ 1887ರಲ್ಲಿ ದ್ರಾವಣಗಳ ಬಗ್ಗೆ ಬರೆದ ಪುಸ್ತಕವನ್ನು ಮೆಂಡಲೀವ್ ತಾಯಿಯ ನೆನಪಿಗೆ ಅರ್ಪಿಸಿದ.

1869ರ ಹೊತ್ತಿಗೆ ಆತ ಪೀಟರ್ಸ್‌ಬರ್ಗಿನಲ್ಲಿ ಪ್ರಾಧ್ಯಾಪಕ. ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಬರೆಯುತ್ತಿದ್ದ. ಆಗ ಗೊತ್ತಿದ್ದ ಧಾತುಗಳು 63. ಯಾವುದರ ನಂತರ ಯಾವುದನ್ನು ಹೇಳಬೇಕು? ಪಾಠ ಮಾಡುವವರಿಗೆಲ್ಲ ಇರುವ ತಲೆನೋವು ಇದು. ಹಳೆಯ ರಷ್ಯನ್ ಪಂಚಾಂಗದ ಪ್ರಕಾರ ಫೆಬ್ರವರಿ 17, ನಮ್ಮ ಲೆಕ್ಕಕ್ಕೆ ಮಾರ್ಚ್ 1. ಅಂದು ಆತ ಗಿಣ್ಣು ತಯಾರಿಸುವ ಘಟಕಗಳನ್ನು ನೋಡಲು ಹೋಗಬೇಕಿತ್ತು. ಆ ಸಂಬಂಧ ಬಂದಿದ್ದ ಕಾಗದದ ಹಿಂಬದಿಯಲ್ಲೇ ಧಾತುಗಳ ತೂಕ ಗೀಚಿ ಹೋಲಿಸತೊಡಗಿದ. ಧಾತುಗಳ ಹೆಸರು ಮತ್ತು ತೂಕವನ್ನು ಚೀಟಿಗಳ ಮೇಲೆ ಬರೆದುಕೊಂಡು ಇಸ್ಪೀಟಿನಂತೆ ಹರಡಿ ಜೋಡಿಸಿದ ಎಂದೂ ಹೇಳುವುದುಂಟು. ಕೋಷ್ಟಕ ಕನಸಿನಲ್ಲಿ ಕಂಡಿತೆಂಬ ಕತೆಯೂ ಇದೆ. ನನಗೆ ಚೀಟಿಯ ಕತೆಯೇ ಇಷ್ಟ, ಏಕೆಂದರೆ ಅದನ್ನು ಮನೆಯಲ್ಲಿ ಆಡಬಹುದು.

ಆರನೇ ತರಗತಿಯಲ್ಲಿರುವ ನನ್ನ ಮೊಮ್ಮಗಳ ಜೊತೆ ಕಳೆದ ಬೇಸಿಗೆ ರಜೆಯಲ್ಲಿ ಆಡಿದೆ. ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ 20 ಚೀಟಿ ಮಾಡಿಕೊಂಡೆವು. ಪ್ರತಿ ಚೀಟಿಯಲ್ಲಿ ಮೂರೇ ಸಂಗತಿ: ಹೆಸರು, ತೂಕ, 'ಕೈ'. ಕೈ ಎಂದರೆ ಆ ಧಾತು ಬೇರೆಯವರ ಜೊತೆ ಸೇರುವಾಗ ಎಷ್ಟು ಕೈ ಚಾಚುತ್ತದೆ ಎಂಬ ಲೆಕ್ಕ. ಜಲಜನಕಕ್ಕೆ ಒಂದು ಕೈ, ಆಮ್ಲಜನಕಕ್ಕೆ ಎರಡು. ಅದಕ್ಕೇ ಒಂದು ಆಮ್ಲಜನಕ ಎರಡು ಜಲಜನಕಗಳ ಕೈ ಹಿಡಿದು ನೀರಾಗುತ್ತದೆ. ಯಾರ ಕೈಯನ್ನೂ ಹಿಡಿಯದವಕ್ಕೆ ಸೊನ್ನೆ. ನೀವೂ ಬರೆದುಕೊಳ್ಳಿ, ಮೊದಲು ತೂಕ, ಆಮೇಲೆ ಕೈ:

ಜಲಜನಕ 1, ಕೈ 1. ಹೀಲಿಯಂ 4, ಕೈ 0. ಲಿಥಿಯಂ 7, ಕೈ 1. ಬೆರಿಲಿಯಂ 9, ಕೈ 2. ಬೋರಾನ್ 11, ಕೈ 3. ಇಂಗಾಲ 12, ಕೈ 4. ಸಾರಜನಕ 14, ಕೈ 3. ಆಮ್ಲಜನಕ 16, ಕೈ 2. ಫ್ಲೋರಿನ್ 19, ಕೈ 1. ನಿಯಾನ್ 20, ಕೈ 0. ಸೋಡಿಯಂ 23, ಕೈ 1. ಮೆಗ್ನೀಸಿಯಂ 24, ಕೈ 2. ಅಲ್ಯೂಮಿನಿಯಂ 27, ಕೈ 3. ಸಿಲಿಕಾನ್ 28, ಕೈ 4. ರಂಜಕ 31, ಕೈ 3. ಗಂಧಕ 32, ಕೈ 2. ಕ್ಲೋರಿನ್ 35.5, ಕೈ 1. ಪೊಟ್ಯಾಸಿಯಂ 39, ಕೈ 1. ಆರ್ಗಾನ್ 39.9, ಕೈ 0. ಕ್ಯಾಲ್ಸಿಯಂ 40.1, ಕೈ 2.

ಆಟದ ನಿಯಮ ಎರಡೇ. ತೂಕದ ಪ್ರಕಾರ ಎಡದಿಂದ ಬಲಕ್ಕೆ ಇಡಬೇಕು. ಸೊನ್ನೆ ಕೈಯ ಚೀಟಿ ಬಂದ ಕೂಡಲೇ ಆ ಸಾಲು ಮುಗಿಸಿ ಕೆಳಗೆ ಹೊಸ ಸಾಲು ಶುರುಮಾಡಬೇಕು. ಒಂದೇ ಕೈಯವು ಒಂದರ ಕೆಳಗೊಂದು ಬರುವಂತೆ ಚೀಟಿಗಳನ್ನು ಅಚ್ಚುಕಟ್ಟಾಗಿ ಜರುಗಿಸಿಕೊಳ್ಳಬಹುದು. ಆಟಕ್ಕೆ ಮೊದಲು ನಾನು ಸಿಲಿಕಾನ್ ಚೀಟಿಯನ್ನು ಜೇಬಿಗೆ ಹಾಕಿಕೊಂಡಿದ್ದೆ.

ಎರಡನೇ ಸಾಲು 1 2 3 4 3 2 1 0 ಎಂದು ಬೆಟ್ಟ ಹತ್ತಿ ಇಳಿದ ಹಾಗೆ ಬಂತು. ಮೂರನೆಯದರಲ್ಲಿ ಅಲ್ಯೂಮಿನಿಯಂ ಇಟ್ಟು ಅದರ ಪಕ್ಕ ರಂಜಕ ಇಡುವಾಗ ಅವಳ ಕೈ ನಿಂತಿತು. ಇಲ್ಲಿಟ್ಟರೆ ಅದು ಇಂಗಾಲದ ಕೆಳಗೆ ಬರುತ್ತದೆ, ಆದರೆ ಇಂಗಾಲಕ್ಕೆ ನಾಲ್ಕು ಕೈ, ಇದಕ್ಕೆ ಮೂರು.

"ತಾತ, ಇಲ್ಲಿ ಒಂದು ಚೀಟಿ ಇಲ್ಲ."

"ಇಲ್ಲದ್ದು ನಿನಗೆ ಹೇಗೆ ಗೊತ್ತಾಯಿತು?"

"ಗೊತ್ತಾಗುತ್ತೆ. ಅದಕ್ಕೆ ನಾಲ್ಕು ಕೈ ಇರುತ್ತೆ. ತೂಕ 27ಕ್ಕೂ 31ಕ್ಕೂ ನಡುವೆ."

ಜೇಬಿನಿಂದ ಚೀಟಿ ತೆಗೆದು ಕೊಟ್ಟೆ. ಅವಳು ಈಗ ಮಾಡಿದ್ದನ್ನೇ ಮೆಂಡಲೀವ್ ಮಾಡಿದ್ದು. ಒಂದೇ ವ್ಯತ್ಯಾಸವೆಂದರೆ ಆತನ ಚೀಟಿ ಯಾರ ಜೇಬಿನಲ್ಲೂ ಇರಲಿಲ್ಲ. ನೆಲದೊಳಗೆ ಎಲ್ಲೋ ಇತ್ತು.

ನ್ಯೂಲ್ಯಾಂಡ್ಸ್ ಒತ್ತಿ ತುಂಬಿದ ಕಡೆ ಮೆಂಡಲೀವ್ ಖಾಲಿ ಮನೆ ಬಿಟ್ಟ. ಬಿಟ್ಟದ್ದು ಮಾತ್ರವಲ್ಲ, ಅಲ್ಲಿಗೆ ಬರಬೇಕಾದವರ ಜಾತಕವನ್ನೂ ಬರೆದ. 1871ರಲ್ಲಿ ಅಲ್ಯೂಮಿನಿಯಂ ಕೆಳಗಿನ ಖಾಲಿ ಮನೆಗೆ ಬರುವ ಧಾತುವಿನ ತೂಕ ಸುಮಾರು 68, ಸಾಂದ್ರತೆ 5.9ರ ಆಸುಪಾಸು, ಸುಲಭವಾಗಿ ಕರಗುವ ಲೋಹ ಎಂದೆಲ್ಲ ಅಚ್ಚು ಹಾಕಿಸಿದ. ಯುರೇನಿಯಂ ತೂಕ 120 ಎಂದು ಆಗ ಎಲ್ಲರೂ ನಂಬಿದ್ದರು. ಅಲ್ಲಿ ಅದಕ್ಕೆ ಮನೆ ಹೊಂದುತ್ತಿಲ್ಲ, ಆದ್ದರಿಂದ ಅದು ಇಮ್ಮಡಿ, 240 ಇರಬೇಕು ಎಂದ. ಈಗಿನ ಲೆಕ್ಕ 238. ತಕ್ಕಡಿ ಹಿಡಿದವರಿಗೆ ನಿಮ್ಮ ತೂಕ ತಪ್ಪು ಎನ್ನಲು ಎಷ್ಟು ಧೈರ್ಯ ಬೇಕು ಯೋಚಿಸಿ. ಖಾಲಿ ಮನೆಗಳು ಖಾಲಿಯಾಗಿಯೇ ಉಳಿದಿದ್ದರೆ ಆತನ ಹೆಸರು ಇಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಜರ್ಮನಿಯ ಲೋಥಾರ್ ಮೇಯರ್ ಕೂಡ ಅದೇ ಕಾಲದಲ್ಲಿ ಸ್ವತಂತ್ರವಾಗಿ ಒಳ್ಳೆಯ ಕೋಷ್ಟಕ ಕಟ್ಟಿದ್ದ. ಆದರೆ ಈ ರೀತಿ ಜಾತಕ ಬರೆಯುವ ಸಾಹಸಕ್ಕೆ ಹೋಗಲಿಲ್ಲ.

1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೊದ್ರಾನ್ ಸತುವಿನ ಅದಿರೊಂದರಲ್ಲಿ ಹೊಸ ಧಾತು ಕಂಡುಹಿಡಿದು ಗ್ಯಾಲಿಯಂ ಎಂದು ಹೆಸರಿಟ್ಟ. ಮೆಂಡಲೀವ್ ಅದನ್ನು ಕಣ್ಣಿನಿಂದ ನೋಡಿರಲಿಲ್ಲ. ಆದರೂ ಇದು ನಾನು ಹೇಳಿದ್ದೇ ಎಂದ. ಬ್ವಾಬೊದ್ರಾನ್ ಸಾಂದ್ರತೆ ಅಳೆದಾಗ ಬಂದದ್ದು 4.7. ಜಾತಕ ಕೂಡಿಬರಲಿಲ್ಲ. ಮೆಂಡಲೀವ್ ಹಿಂದೆ ಸರಿಯಲಿಲ್ಲ. ನಿಮ್ಮ ಲೋಹ ಶುದ್ಧವಾಗಿಲ್ಲ, ಶುದ್ಧಮಾಡಿ ಮತ್ತೆ ಅಳೆಯಿರಿ, 5.9 ಬರುತ್ತದೆ ಎಂಬ ಅರ್ಥದ ಮಾತು ಬರೆದು ಕಳಿಸಿದ. ಲೋಹ ಇದ್ದದ್ದು ಬ್ವಾಬೊದ್ರಾನ್ ಕೈಯಲ್ಲಿ, ಮೆಂಡಲೀವ್ ಕೈಯಲ್ಲಿ ಇದ್ದದ್ದು ಒಂದು ಹಾಳೆ. ಬ್ವಾಬೊದ್ರಾನ್ ದೊಡ್ಡ ಮನಸ್ಸಿನವನಿರಬೇಕು; ಶುದ್ಧಮಾಡಿ ಮತ್ತೆ ಅಳೆದ. 5.9 ಬಂತು. ಸುಲಭವಾಗಿ ಕರಗುವ ಲೋಹ ಎಂದದ್ದೂ ನಿಜವಾಯಿತು. ಗ್ಯಾಲಿಯಂ 30 ಡಿಗ್ರಿ ಸೆಲ್ಸಿಯಸ್‌ಗೂ ಚೂರು ಕಡಿಮೆಯಲ್ಲೇ ಕರಗುತ್ತದೆ, ಅಂದರೆ ಅಂಗೈಯ ಬಿಸಿಗೆ ಬೆಣ್ಣೆಯಂತಾಗುತ್ತದೆ.

1879ರಲ್ಲಿ ಸ್ವೀಡನ್ನಿನಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮನಿಯಲ್ಲಿ ಜರ್ಮೇನಿಯಂ ಸಿಕ್ಕವು. ಎರಡಕ್ಕೂ ಮನೆ ಮೊದಲೇ ಗುರುತಾಗಿತ್ತು. ಜರ್ಮೇನಿಯಂ ತೂಕ 72 ಎಂದು ಹೇಳಿದ್ದ, ಬಂದದ್ದು 72.6.

ಆ ಖಾಲಿ ಮನೆಗಳಿಗೆ ಮೆಂಡಲೀವ್ ಇಟ್ಟಿದ್ದ ತಾತ್ಕಾಲಿಕ ಹೆಸರುಗಳನ್ನು ಕೇಳಿದರೆ ಅಜ್ಜಂದಿರಿಗೆ ಖುಷಿಯಾದೀತು. ಅಲ್ಯೂಮಿನಿಯಂ ಕೆಳಗಿನದು ಏಕ-ಅಲ್ಯೂಮಿನಿಯಂ, ಸಿಲಿಕಾನ್ ಕೆಳಗಿನದು ಏಕ-ಸಿಲಿಕಾನ್, ಇನ್ನು ಕೆಲವಕ್ಕೆ ದ್ವಿ, ತ್ರಿ. ಹೌದು, ನಮ್ಮ ಸಂಸ್ಕೃತದ ಏಕ, ದ್ವಿ, ತ್ರಿಗಳೇ. ಒಂದು ಮನೆ ಕೆಳಗೆ, ಎರಡು ಮನೆ ಕೆಳಗೆ ಎಂಬ ಅರ್ಥ. ಪಾಣಿನಿಯ ವ್ಯಾಕರಣವನ್ನು ಯುರೋಪಿಗೆ ಪರಿಚಯಿಸಿದ ವಿದ್ವಾಂಸ ಬೋಟ್ಲಿಂಗ್ ಅದಕ್ಕೆ ಮೊದಲು ಪೀಟರ್ಸ್‌ಬರ್ಗಿನಲ್ಲೇ ಇದ್ದ. ಅಕ್ಷರಗಳನ್ನು ಉಚ್ಚಾರಣೆಯ ಪ್ರಕಾರ ವರ್ಗ ಮಾಡಿದ ನಮ್ಮ ಪದ್ಧತಿಗೆ ಮೆಂಡಲೀವ್ ಹೀಗೆ ಗೌರವ ತೋರಿಸಿರಬಹುದು ಎಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಅದು ಊಹೆ ಮಾತ್ರ. ಪಾಣಿನಿಯೇ ಆವರ್ತ ಕೋಷ್ಟಕ ಕಂಡುಹಿಡಿದ ಎಂದು ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಮುಂದಕ್ಕೆ ಕಳಿಸಬೇಡಿ.

ಮೆಂಡಲೀವ್ ಹೇಳಿದ್ದೆಲ್ಲ ನಿಜವಾಗಲೂ ಇಲ್ಲ. ಜಲಜನಕಕ್ಕಿಂತ ಹಗುರವಾದ ಧಾತುಗಳಿವೆ ಎಂದು ಮುಪ್ಪಿನಲ್ಲಿ ಹೇಳಿದ. ಅಂಥದ್ದು ಯಾವುದೂ ಇಲ್ಲ. ಆತನಿಗೆ ಹೊಳೆಯದೇ ಹೋದ ಇಡೀ ಕಂಬಸಾಲೊಂದಿದೆ: ಸೊನ್ನೆ ಕೈಯವರದು. ಆತನ ಚೀಟಿಗಳಲ್ಲಿ ಹೀಲಿಯಂ, ನಿಯಾನ್, ಆರ್ಗಾನ್ ಯಾವುದೂ ಇರಲಿಲ್ಲ.

ಹೀಲಿಯಂ ಕತೆಗೆ ನಮ್ಮ ನೆಲದ ನಂಟಿದೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಅದರ ನೆರಳು ವಿಜಯಪುರ, ಜಮಖಂಡಿಗಳ ಮೇಲೆ ಹಾದು ಗುಂಟೂರಿನ ಕಡೆ ಹೋಯಿತು. ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಸೇನಾ ಎಂಜಿನಿಯರ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ರೋಹಿತದರ್ಶಕ ಹಿಡಿದು ಕಾದಿದ್ದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಹೊಳೆವ ಗೆರೆಗಳು ಕಂಡವು. ಅವುಗಳಲ್ಲಿ ಹಳದಿ ಬಣ್ಣದ ಗೆರೆ ಸೋಡಿಯಂನದಿರಬೇಕು ಎಂದುಕೊಂಡರು. ಅದು ಸೋಡಿಯಂನದಲ್ಲ, ಭೂಮಿಯಲ್ಲಿ ಕಾಣದ ಬೇರೊಂದರದು ಎಂಬ ತೀರ್ಮಾನಕ್ಕೆ ಬಂದದ್ದು ಇಂಗ್ಲೆಂಡಿನ ಲಾಕಿಯರ್. ಸೂರ್ಯನಿಗೆ ಗ್ರೀಕಿನಲ್ಲಿ ಹೀಲಿಯೋಸ್, ಅದರಿಂದ ಹೀಲಿಯಂ.

1894ರಲ್ಲಿ ಇನ್ನೊಂದು ಒಗಟು. ಗಾಳಿಯಿಂದ ತೆಗೆದ ಸಾರಜನಕ, ರಾಸಾಯನಿಕಗಳಿಂದ ತಯಾರಿಸಿದ ಸಾರಜನಕಕ್ಕಿಂತ ಲೀಟರಿಗೆ ಆರೇಳು ಮಿಲಿಗ್ರಾಂ ಹೆಚ್ಚು ತೂಗುತ್ತಿತ್ತು. ಸಾಸಿವೆ ಕಾಳಿನಷ್ಟು ವ್ಯತ್ಯಾಸ. ರೇಲೀ ಮತ್ತು ರ‍್ಯಾಮ್ಸೆ ಅದನ್ನೇ ಬೆನ್ನು ಹತ್ತಿ ಆರ್ಗಾನ್ ಹಿಡಿದರು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಇರುವ ಅನಿಲ, ಯಾರ ಕೈಯನ್ನೂ ಹಿಡಿಯದ ಕಾರಣ ಅಲ್ಲಿಯವರೆಗೆ ಯಾರ ಕೈಗೂ ಸಿಕ್ಕಿರಲಿಲ್ಲ. ಮರುವರ್ಷ ರ‍್ಯಾಮ್ಸೆಗೆ ಖನಿಜವೊಂದರಿಂದ ಹೀಲಿಯಂ ಸಿಕ್ಕಿತು, 1898ರಲ್ಲಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್. ಮೆಂಡಲೀವ್ ಮೊದಲು ಆರ್ಗಾನನ್ನು ನಂಬಲಿಲ್ಲ, ಅದು ಸಾರಜನಕದ್ದೇ ಬೇರೊಂದು ರೂಪವಿರಬೇಕು ಎಂದ. ಕೊನೆಗೆ ಒಪ್ಪಿಕೊಂಡ. ಕೋಷ್ಟಕ ಮುರಿಯಲಿಲ್ಲ, ಅಂಚಿಗೆ ಒಂದು ಹೊಸ ಕಂಬಸಾಲು ಸೇರಿಸಿದರೆ ಸಾಕಾಯಿತು.

ಮತ್ತೆ ನಮ್ಮ ಚೀಟಿಯಾಟಕ್ಕೆ. ಮೂರನೇ ಸಾಲಿನ ಕೊನೆಗೆ ಬಂದಾಗ ಮೊಮ್ಮಗಳಿಗೆ ಇನ್ನೊಂದು ತೊಡಕು ಎದುರಾಯಿತು. ತೂಕದ ಪ್ರಕಾರ ಕ್ಲೋರಿನ್ ಆದ ಮೇಲೆ ಪೊಟ್ಯಾಸಿಯಂ 39, ಆಮೇಲೆ ಆರ್ಗಾನ್ 39.9. ಹಾಗಿಟ್ಟರೆ ಪೊಟ್ಯಾಸಿಯಂ ಸೊನ್ನೆ ಕೈಯವರ ಮನೆಗೆ ಹೋಗುತ್ತದೆ, ಆರ್ಗಾನ್ ಸೋಡಿಯಂ ಕೆಳಗೆ.

"ತಾತ, ತೂಕ ತಪ್ಪು ಬರೆದಿದ್ದೀಯ."

ತೂಕ ಸರಿಯಾಗಿಯೇ ಇತ್ತು. ಅವಳು ಸ್ವಲ್ಪ ಹೊತ್ತು ನೋಡಿ, ನಿಯಮ ಮುರಿದು, ಎರಡು ಚೀಟಿಗಳನ್ನೂ ಅದಲು ಬದಲು ಮಾಡಿದಳು. ಮೆಂಡಲೀವ್‌ಗೂ ಇದೇ ಥರದ ತೊಡಕು ಬಂದಿತ್ತು. ಅಯೋಡಿನ್ ತೂಕ 126.9, ಟೆಲ್ಲುರಿಯಂ 127.6. ತೂಕ ನೋಡಿದರೆ ಅಯೋಡಿನ್ ಮುಂಚೆ ಬರಬೇಕು. ಸ್ವಭಾವ ನೋಡಿದರೆ ಅದು ಕ್ಲೋರಿನ್ ಮನೆತನದ್ದು, ಟೆಲ್ಲುರಿಯಂ ಗಂಧಕದ ಮನೆತನದ್ದು. ಆತ ಸ್ವಭಾವವನ್ನೇ ನಂಬಿ ಅದಲು ಬದಲು ಮಾಡಿದ, ಟೆಲ್ಲುರಿಯಂ ತೂಕವನ್ನು ಅಳೆದವರು ತಪ್ಪಿದ್ದಾರೆ ಎಂದ. ಈ ಸಲ ಅಳೆದವರು ತಪ್ಪಿರಲಿಲ್ಲ. ಜೋಡಣೆ ಸರಿ, ಹೇಳಿದ ಕಾರಣ ತಪ್ಪು. ನಿಜವಾದ ಕಾರಣ ತಿಳಿಯುವ ಮೊದಲೇ, 1907ರಲ್ಲಿ ಆತ ತೀರಿಕೊಂಡ. ನೊಬೆಲ್ ಬಹುಮಾನವೂ ಆತನಿಗೆ ಬರಲಿಲ್ಲ.

ಕಾರಣ ಹೇಳಿದವನು ಹೆನ್ರಿ ಮೋಸ್ಲಿ, ಇಂಗ್ಲೆಂಡಿನ ತರುಣ. 1913ರಲ್ಲಿ ಮ್ಯಾಂಚೆಸ್ಟರಿನ ಪ್ರಯೋಗಾಲಯದಲ್ಲಿ ಒಂದೊಂದೇ ಧಾತುವಿನಿಂದ ಹೊಮ್ಮುವ ಕ್ಷಕಿರಣಗಳನ್ನು ಅಳೆಯತೊಡಗಿದ. ಪ್ರತಿ ಧಾತುವಿಗೂ ಮೆಟ್ಟಿಲ ಹಾಗೆ ಒಂದು ಪೂರ್ಣಸಂಖ್ಯೆ ಹೊಂದುತ್ತಿತ್ತು, ಒಂದು ಧಾತುವಿನಿಂದ ಮುಂದಿನದಕ್ಕೆ ಸರಿಯಾಗಿ ಒಂದು ಮೆಟ್ಟಿಲು. ಅದು ಪರಮಾಣುವಿನ ನಡುವೆ ಇರುವ ಧನ ವಿದ್ಯುದಂಶದ ಎಣಿಕೆ. ಇಂದು ನಾವು ಪ್ರೋಟಾನುಗಳ ಸಂಖ್ಯೆ ಎನ್ನುತ್ತೇವೆ. ಅದೇ ಪರಮಾಣು ಸಂಖ್ಯೆ. ಕೋಷ್ಟಕದಲ್ಲಿ ಕೂರಬೇಕಾದದ್ದು ತೂಕದ ಕ್ರಮದಲ್ಲಲ್ಲ, ಈ ಸಂಖ್ಯೆಯ ಕ್ರಮದಲ್ಲಿ. ಟೆಲ್ಲುರಿಯಂ 52, ಅಯೋಡಿನ್ 53. ಆರ್ಗಾನ್ 18, ಪೊಟ್ಯಾಸಿಯಂ 19. ತೂಕ ಬಹುಮಟ್ಟಿಗೆ ಇದೇ ಕ್ರಮದಲ್ಲಿ ಏರುತ್ತದೆ, ಆದ್ದರಿಂದ ಮೆಂಡಲೀವ್ ಅಷ್ಟು ದೂರ ಸಾಗಬಲ್ಲವನಾದ.

ಸಂಖ್ಯೆ ಸಿಕ್ಕಿದ ಮೇಲೆ ಖಾಲಿ ಮನೆ ಎಷ್ಟು ಎಂಬುದು ಊಹೆಯ ಮಾತಾಗಿ ಉಳಿಯಲಿಲ್ಲ. 43, 61, 72, 75 ಖಾಲಿ ಎಂದು ಬೆರಳಿಟ್ಟು ತೋರಿಸಬಹುದಾಯಿತು. 72 ಮತ್ತು 75 ಸಿಕ್ಕಿದ್ದು 1920ರ ದಶಕದಲ್ಲಿ, 43 ಸಿಕ್ಕಿದ್ದು 1937ರಲ್ಲಿ, 61 ಸಿಕ್ಕಿದ್ದು 1945ರಲ್ಲಿ. ಮೋಸ್ಲಿ ಯಾವುದನ್ನೂ ನೋಡಲಿಲ್ಲ. ಮೊದಲ ಮಹಾಯುದ್ಧ ಶುರುವಾದಾಗ ಸೇನೆಗೆ ಸೇರಿದ. 1915ರ ಆಗಸ್ಟ್ 10ರಂದು ಟರ್ಕಿಯ ಗಲಿಪೊಲಿಯಲ್ಲಿ ಗುಂಡೇಟಿಗೆ ಸತ್ತ. ಆಗ ಆತನಿಗೆ 27 ವರ್ಷ. ಪಾಠ ಮಾಡುವಾಗ ಈ ಜಾಗಕ್ಕೆ ಬಂದರೆ ನಾನು ಸ್ವಲ್ಪ ಹೊತ್ತು ಸೀಮೆಸುಣ್ಣ ಕೆಳಗಿಡುತ್ತಿದ್ದೆ.

ಒಂದು ಪ್ರಶ್ನೆ ಉಳಿಯಿತು. ಸ್ವಭಾವ ಮರಳಿ ಮರಳಿ ಬರುವುದೇಕೆ?

ಇದಕ್ಕೆ ಮದುವೆ ಮನೆಯ ಪಂಕ್ತಿ ಊಟ ನೆನೆಸಿಕೊಳ್ಳಿ. ಪರಮಾಣುವಿನ ನಡುವೆ ಎಷ್ಟು ಪ್ರೋಟಾನುಗಳೋ ಸುತ್ತ ಅಷ್ಟೇ ಎಲೆಕ್ಟ್ರಾನುಗಳು. ಅವು ಒಳಗಿನಿಂದ ಹೊರಕ್ಕೆ ಪಂಕ್ತಿ ಪಂಕ್ತಿಯಾಗಿ ಕೂರುತ್ತವೆ. ಮೊದಲ ಪಂಕ್ತಿಯಲ್ಲಿ ಎರಡೇ ಎಲೆ. ಎರಡನೆಯದರಲ್ಲಿ ಎಂಟು. ಮೂರನೆಯದರಲ್ಲೂ ಎಂಟು ತುಂಬಿದ ಮೇಲೆ ನಾಲ್ಕನೆಯದು ಶುರು. ಸೋಡಿಯಂಗೆ 11 ಎಲೆಕ್ಟ್ರಾನು: ಎರಡು, ಎಂಟು, ಆಮೇಲೆ ಒಂದು. ಆ ಒಂದು ಉದ್ದದ ಖಾಲಿ ಪಂಕ್ತಿಯಲ್ಲಿ ಒಂಟಿಯಾಗಿ ಕೂತಿದೆ, ಕರೆದರೆ ಎದ್ದು ಹೋಗಲು ತಯಾರು. ಕ್ಲೋರಿನ್‌ಗೆ 17: ಎರಡು, ಎಂಟು, ಏಳು. ಹಾಕಿದ ಎಲೆಗಳಲ್ಲಿ ಒಂದು ಮಾತ್ರ ಖಾಲಿ, ಯಾರಾದರೂ ಬಂದು ಕೂತರೆ ಸಾಕು ಎಂದು ಕಾಯುತ್ತಿದೆ. ಸೋಡಿಯಂನ ಒಂಟಿ ಎದ್ದು ಕ್ಲೋರಿನ್‌ನ ಖಾಲಿ ಎಲೆಗೆ ಹೋಗಿ ಕೂತರೆ ನಮ್ಮ ಅಡುಗೆಮನೆಯ ಉಪ್ಪು. ನಿಯಾನ್, ಆರ್ಗಾನ್‌ಗಳ ಪಂಕ್ತಿ ಭರ್ತಿ. ಅವು ಯಾರನ್ನೂ ಕರೆಯುವುದಿಲ್ಲ, ಯಾರನ್ನೂ ಕಳಿಸುವುದಿಲ್ಲ.

ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಮೂರಕ್ಕೂ ಕೊನೆಯ ಪಂಕ್ತಿಯಲ್ಲಿ ಒಬ್ಬನೇ. ಅದಕ್ಕೇ ಅವು ಒಂದೇ ಕಂಬಸಾಲು. ಕೆಳಗೆ ಹೋದಷ್ಟೂ ಆ ಒಬ್ಬ ನಡುವಿನಿಂದ ದೂರ, ಅವನ ಮೇಲಿನ ಹಿಡಿತ ಸಡಿಲ. ಲಿಥಿಯಂ ಚೂರನ್ನು ನೀರಿಗೆ ಹಾಕಿದರೆ ಬುರುಬುರು ಗುಳ್ಳೆ ಬರುತ್ತದೆ. ಸೋಡಿಯಂ ಕರಗಿ ಉಂಡೆಯಾಗಿ ನೀರಿನ ಮೇಲೆ ಓಡಾಡುತ್ತದೆ. ಪೊಟ್ಯಾಸಿಯಂ ನೇರಳೆ ಉರಿಯಿಂದ ಹೊತ್ತಿಕೊಳ್ಳುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ಮೇಷ್ಟ್ರು ತೋರಿಸಿದರೆ ಮಾತ್ರ ನೋಡಿ.

ನಾಲ್ಕನೇ ಸಾಲಿನಿಂದ ಕೋಷ್ಟಕ ಅಗಲವಾಗುವುದಕ್ಕೂ ಇದೇ ಉತ್ತರ. ಹೊರಗೆ ಇಬ್ಬರು ಕೂತ ಮೇಲೆ ಒಳಗಿನ ಪಂಕ್ತಿಯಲ್ಲಿ ಇನ್ನೂ ಹತ್ತು ಎಲೆಗೆ ಜಾಗವಿದೆಯೆಂದು ಗೊತ್ತಾಗಿ ಅವನ್ನು ತುಂಬುತ್ತಾರೆ. ಕಬ್ಬಿಣ, ತಾಮ್ರ, ಸತು ಬರುವುದು ಅಲ್ಲಿ. ಇನ್ನೂ ಕೆಳಗೆ ಮತ್ತೆ ಹದಿನಾಲ್ಕು ಎಲೆ. ಆದ್ದರಿಂದ ಏಳು ಸಾಲುಗಳ ಎಣಿಕೆ 2, 8, 8, 18, 18, 32, 32. ಕೂಡಿಸಿ ನೋಡಿ. ಕೋಷ್ಟಕದ ಕೆಳಗೆ ಬೇರೆಯಾಗಿ ಕಾಣುವ ಎರಡು ಪಟ್ಟಿಗಳಿಗೆ ವಿಶೇಷ ಅರ್ಥವೇನೂ ಇಲ್ಲ. 32 ಮನೆಗಳ ಸಾಲು ಹಾಳೆಯಲ್ಲಿ ಹಿಡಿಸುವುದಿಲ್ಲವೆಂದು ಕತ್ತರಿಸಿ ಕೆಳಗಿಟ್ಟಿದ್ದಾರೆ.

ಕಂಬಸಾಲಿನ ನೆಂಟಸ್ತಿಕೆ ಅಜ್ಜ ಅಜ್ಜಿಯರ ಊಟದ ತಟ್ಟೆಗೂ ಬಂದಿದೆ. ಬಿ.ಪಿ. ಇರುವವರಿಗೆಂದು ಅಂಗಡಿಯಲ್ಲಿ 'ಕಡಿಮೆ ಸೋಡಿಯಂ' ಉಪ್ಪು ಸಿಗುತ್ತದೆ. ಪೊಟ್ಟಣ ತಿರುಗಿಸಿ ಓದಿ: ಸೋಡಿಯಂ ಕ್ಲೋರೈಡಿನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಪಕ್ಕದ ಮನೆಯ ಮೆಗ್ನೀಸಿಯಂ ಕ್ಲೋರೈಡನ್ನು ಹಾಗೆ ಧಾರಾಳವಾಗಿ ಹಾಕಿದ್ದರೆ ಸಾರು ಕಹಿಯಾಗುತ್ತಿತ್ತು. ಕೆಳಮನೆಯ ಪೊಟ್ಯಾಸಿಯಂ ಮಾತ್ರ ನಾಲಿಗೆಯನ್ನು ಹೆಚ್ಚುಕಡಿಮೆ ಒಪ್ಪಿಸುತ್ತದೆ. ಆದರೆ ನೆಂಟ ಎಂದ ಮಾತ್ರಕ್ಕೆ ಅವನೇ ಇವನಲ್ಲ. ಮೂತ್ರಪಿಂಡದ ತೊಂದರೆ ಇರುವವರಿಗೂ ಬಿ.ಪಿ.ಯ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೂ ಪೊಟ್ಯಾಸಿಯಂ ರಕ್ತದಲ್ಲಿ ಹೆಚ್ಚಾದರೆ ಹೃದಯಕ್ಕೇ ಅಪಾಯ. ವೈದ್ಯರನ್ನು ಕೇಳದೆ ಆ ಉಪ್ಪಿಗೆ ಬದಲಾಯಿಸಬೇಡಿ. ಅಂದ ಹಾಗೆ ಪೊಟ್ಯಾಸಿಯಂ ಹೆಸರಿನ ಮೂಲ ಅರ್ಥ ಮಡಕೆಯ ಬೂದಿ. ಹಿಂದೆ ಅಜ್ಜಿಯರು ಪಾತ್ರೆ ಬೆಳಗುತ್ತಿದ್ದ ಒಲೆ ಬೂದಿಯ ಶಕ್ತಿಯಲ್ಲಿ ಅದರ ಪಾಲೂ ಇತ್ತು.

2016ರಲ್ಲಿ ಕೊನೆಯ ನಾಲ್ಕು ಧಾತುಗಳಿಗೆ ಹೆಸರಿಟ್ಟ ಮೇಲೆ ಏಳನೇ ಸಾಲು ಭರ್ತಿಯಾಗಿದೆ. 101ನೆಯದಕ್ಕೆ ಮೆಂಡಲೀವಿಯಂ ಎಂದೇ ಹೆಸರು. 118ನೆಯದು ಒಗನೆಸ್ಸಾನ್, ಈವರೆಗೆ ತಯಾರಾಗಿರುವುದು ಬೆರಳೆಣಿಕೆಯಷ್ಟು ಪರಮಾಣುಗಳು, ಅವೂ ಕಣ್ಣು ಮಿಟುಕಿಸುವುದರೊಳಗೆ ಒಡೆದುಹೋದವು. ಅದು ಕೂತಿರುವುದು ಸೊನ್ನೆ ಕೈಯವರ ಕಂಬಸಾಲಿನಲ್ಲಿ, ಆದರೆ ಲೆಕ್ಕ ಹಾಕಿದವರು ಅದು ಮೇಲಿನವರಂತೆ ಅನಿಲವಾಗಿರಲಾರದು ಎನ್ನುತ್ತಾರೆ. ಅಷ್ಟು ಭಾರವಾದ ಪರಮಾಣುಗಳಲ್ಲಿ ಎಲೆಕ್ಟ್ರಾನುಗಳ ಓಟ ಎಷ್ಟು ಜೋರೆಂದರೆ ಮನೆತನದ ಗುಣ ಅಲ್ಲಿ ಮಸುಕಾಗುತ್ತದಂತೆ.

119ನೆಯದು ಇನ್ನೂ ಸಿಕ್ಕಿಲ್ಲ. ಜಪಾನಿನ ರಿಕೆನ್ ಸಂಸ್ಥೆಯವರು ಅದಕ್ಕಾಗಿ ಪರಮಾಣುಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುತ್ತಿದ್ದಾರೆ. ಅದು ಎಲ್ಲಿ ಕೂರುತ್ತದೆ ಎಂದು ಮೊಮ್ಮಗಳನ್ನು ಕೇಳಿದೆ. ಅವಳು ಗೋಡೆಯ ಪಟದ ಎಡಗಡೆ, ಫ್ರಾನ್ಸಿಯಂ ಕೆಳಗೆ, ಪಟ ಮುಗಿದು ಬರೀ ಗೋಡೆ ಇರುವ ಕಡೆ ಬೆರಳಿಟ್ಟಳು.